ಸುಟ್ಟ ಕಾಯಿಲ್, ತುಕ್ಕು ಹಿಡಿದ ಗ್ಯಾಪ್: ಮನೆಯ ಮೇಜಿನ ಮೇಲೆ ಸ್ಪೀಕರ್ ರಿಪೇರಿ

ಪತ್ತನಾಜೆಗೆ, ಅಂದರೆ ಮೇ ಕೊನೆಯಲ್ಲಿ ತಿರುಗಾಟ ಮುಗಿಯುವ ದಿನಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಕಾಸರಗೋಡಿನ ಕಡೆ ಮೈಕದವರಿಗೂ ಬಿಡುವು. ಆಟ, ಜಾತ್ರೆ, ಕಳಿಯಾಟ (ತೆಯ್ಯಂ ಉತ್ಸವ) ಎಂದು ನವೆಂಬರಿನಿಂದ ತಿರುಗಿದ ಪೆಟ್ಟಿಗೆಗಳು ಮೇ ಕೊನೆಗೆ ಒಳಗೆ ಸೇರುತ್ತವೆ. ಸ್ಪೀಕರ್ ಬಿಚ್ಚಿ ನೋಡಲು ಪುರುಸೊತ್ತು ಸಿಗುವುದು ಆಗಲೇ. ಅಂಟು ಒಣಗಿಸಲು ಮಾತ್ರ ಅದಕ್ಕಿಂತ ಕೆಟ್ಟ ಕಾಲ ಇಲ್ಲ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ ಸ್ಪೀಕರ್ ಕೆಡುವುದಕ್ಕೂ ಅದನ್ನು ಸರಿಮಾಡುವ ಕಷ್ಟಕ್ಕೂ ದೊಡ್ಡ ಕಾರಣ ತೇವವೇ.

ಮೇಜಿನ ಮೇಲಿದ್ದದ್ದು ಭಜನಾ ಮಂದಿರದ ಪೆಟ್ಟಿಗೆಯೊಂದರ 12 ಇಂಚಿನ ವೂಫರ್ (ತಗ್ಗು ಸ್ವರದ ಸ್ಪೀಕರ್): 8 ಓಮ್, ಬಟ್ಟೆಯ ಅಂಚು, 2 ಇಂಚಿನ ಕಾಯಿಲ್, ಅಂದರೆ ಅಯಸ್ಕಾಂತದ ಕಿರುಸಂದಿಯಲ್ಲಿ (ಗ್ಯಾಪ್) ಆಡುವ ತಂತಿಸುರುಳಿ. ದೂರು ಇಷ್ಟೆ: ತಬಲಾದ ಡಗ್ಗಾ ಬಾರಿಸಿದಾಗೆಲ್ಲ ಪರಪರ ಎನ್ನುತ್ತಿತ್ತು, ಆಮೇಲೆ ಸದ್ದೇ ಇಲ್ಲ. ಇದಕ್ಕೆ ಕಾಯಿಲ್, ಸ್ಪೈಡರ್ (ಕಾಯಿಲನ್ನು ನಡುವಿನಲ್ಲಿ ಹಿಡಿಯುವ ನೆರಿಗೆಯ ಬಟ್ಟೆಬಿಲ್ಲೆ), ಕೋನ್ (ಸದ್ದು ಮಾಡುವ ಕಾಗದದ ಆಲಿಕೆ) ಮೂರನ್ನೂ ಹೊಸತು ಹಾಕಿದ ಕ್ರಮವನ್ನು ಮೊದಲು ಹೇಳುತ್ತೇವೆ. ಮನೆಯ ಪೆಟ್ಟಿಗೆಗಳ ಫೋಮ್, ಟ್ವೀಟರ್ (ಏರು ಸ್ವರದ ಸ್ಪೀಕರ್), ಕಹಳೆಯ ಯೂನಿಟ್ (ಹಾರ್ನ್ ಸ್ಪೀಕರಿನ ಸದ್ದು ಹುಟ್ಟಿಸುವ ಭಾಗ) ಬಗ್ಗೆ ಆಮೇಲೆ.

ಸ್ಪೀಕರನ್ನು ಬಿಚ್ಚುವ ಮೊದಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಎರಡು ಪಿನ್ ತಾಗಿಸಿ ಮೀಟರಿನ ತಂತಿಯದ್ದೇ ರೋಧ ಎಷ್ಟೆಂದು ನೋಡಿ, ಸಾಮಾನ್ಯವಾಗಿ 0.3ರಿಂದ 0.5. ಸ್ಪೀಕರಿನ ಲೆಕ್ಕದಿಂದ ಅದನ್ನು ಕಳೆಯಬೇಕು. 8 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ 5.5ರಿಂದ 7ರ ಒಳಗೆ ತೋರಿಸುತ್ತದೆ, 4 ಓಮ್‌ನದ್ದು 3ರಿಂದ 3.8. ಹಿಂದೆ ಬರೆದಿರುವ 8 ಎಂಬುದು ಎಸಿಗೆ ಸಿಗುವ ಒಟ್ಟು ತಡೆ (ಇಂಪೀಡೆನ್ಸ್), ಮೀಟರ್ ಅಳೆಯುವುದು ಡಿಸಿ ರೋಧ. ಇದು ತಿಳಿಯದೆ 6 ಓಮ್ ಕಂಡ ಕೂಡಲೇ ಕಾಯಿಲ್ ಹೋಯಿತು ಎಂದು ಬಿಸಾಡುವವರಿದ್ದಾರೆ. 3 ಓಮ್ ಬಂದರೆ ಸುತ್ತುಗಳು ಒಂದಕ್ಕೊಂದು ಸುಟ್ಟು ಅಂಟಿವೆ ಎಂದು ಅರ್ಥ. ಮೀಟರ್ ಏನೂ ತೋರಿಸದಿದ್ದರೆ ಎಲ್ಲೋ ತಂತಿ ತುಂಡಾಗಿದೆ, ಅದು ಕಾಯಿಲೇ ಆಗಬೇಕೆಂದಿಲ್ಲ. ಟರ್ಮಿನಲ್‌ನಿಂದ ಕೋನಿಗೆ ಹೋಗುವ ಹೆಣೆದ ತಂತಿ ಬುಡದಲ್ಲಿ ತುಂಡಾಗುವುದು ತೀರಾ ಸಾಮಾನ್ಯ. ಮೀಟರಿನ ಪಿನ್ನನ್ನು ಟರ್ಮಿನಲ್ ಬಿಟ್ಟು ಕೋನಿನ ಮೇಲಿನ ಬೆಸುಗೆಗೇ ತಾಗಿಸಿ ನೋಡಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಕಾಯಿಲ್ ಸರಿಯಿದ್ದು ಈ ತಂತಿ ಮಾತ್ರ ಹೋಗಿದ್ದರೆ ಅರ್ಧ ಗಂಟೆಯ ಕೆಲಸ.

ನಂತರ 1.5 ವೋಲ್ಟಿನ ಒಂದು ಸೆಲ್. ಟರ್ಮಿನಲ್‌ಗೆ ತಾಗಿಸಿ ತೆಗೆದರೆ ಟಕ್ ಎಂದು ಕೋನ್ ಮುಂದಕ್ಕೋ ಹಿಂದಕ್ಕೋ ಅಲುಗಬೇಕು. ಮೀಟರಿನಲ್ಲಿ ರೋಧ ಸರಿ ಬಂದೂ ಕೋನ್ ಅಲುಗದಿದ್ದರೆ ಕಾಯಿಲ್ ಗ್ಯಾಪಿನಲ್ಲಿ ಸಿಕ್ಕಿಕೊಂಡಿದೆ. ಮೂರನೆಯದು ಕೈಯ ಪರೀಕ್ಷೆ: ಎರಡೂ ಕೈಯ ಬೆರಳುಗಳನ್ನು ಕೋನಿನ ಎದುರುಬದುರಿಗೆ ಇಟ್ಟು, ಸಮವಾಗಿ, ಮೆಲ್ಲನೆ ಒಳಗೆ ಒತ್ತಿ ಬಿಡುವುದು. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ. ಒಂದೇ ಕೈಯಲ್ಲಿ ಒತ್ತಿದರೆ ಒಳ್ಳೆಯ ಸ್ಪೀಕರೂ ವಾಲಿ ಉಜ್ಜುತ್ತದೆ, ಆ ಪರೀಕ್ಷೆಗೆ ಬೆಲೆಯಿಲ್ಲ.

ನಮ್ಮ ವೂಫರ್ ಮೂರರಲ್ಲೂ ಸೋತಿತು. ಕೋನಿನ ಬೆಸುಗೆಯಲ್ಲೂ ಮೀಟರ್ ಸತ್ತೇ ಇತ್ತು, ಮೂಗಿಗೆ ಸುಟ್ಟ ವಾರ್ನಿಶಿನ ವಾಸನೆ.

ಇನ್ನೊಂದು ಕೆಲಸ ಆಂಪ್ಲಿಫೈಯರ್ ಹತ್ತಿರ ಆಗಬೇಕು. ಸ್ಪೀಕರ್ ಕಳಚಿಟ್ಟು, ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಬೇಕು. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಕೆಲವು ವೋಲ್ಟ್ ಕಂಡರೆ ಆಂಪ್ಲಿಫೈಯರಿನಲ್ಲೇ ದೋಷವಿದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಹೊಸ ಕಾಯಿಲನ್ನೂ ಅದು ಸುಡಬಹುದು. ಇದನ್ನು ಬಿಟ್ಟು ಸ್ಪೀಕರನ್ನು ಮಾತ್ರ ರಿಪೇರಿ ಮಾಡಿಕೊಟ್ಟರೆ ಅದೇ ಸ್ಪೀಕರ್ ಮುಂದಿನ ವಾರ ವಾಪಸು ಬರುತ್ತದೆ.

ಬಿಚ್ಚುವಾಗ ಮೊದಲು ಹೋಗಬೇಕಾದ್ದು ನಡುವಿನ ಧೂಳುಮುಚ್ಚಳ, ಅಂದರೆ ಡಸ್ಟ್ ಕ್ಯಾಪ್. ಅಂಚಿನಗುಂಟ ಬ್ಲೇಡಿನಿಂದ ಕೊಯ್ದು ತೆಗೆಯಬಹುದು. ಆಮೇಲೆ ಹೊರಗಿನ ಗ್ಯಾಸ್ಕೆಟ್, ಬಾಸ್ಕೆಟ್ಟಿಗೆ (ಸ್ಪೀಕರಿನ ಲೋಹದ ಚೌಕಟ್ಟು) ಅಂಟಿದ ಬಟ್ಟೆಯಂಚು, ಒಳಗೆ ಸ್ಪೈಡರ್. ತಂತಿಗಳನ್ನು ಟರ್ಮಿನಲ್‌ನಲ್ಲಿ ಬಿಡಿಸಿ ಕೋನನ್ನು ನೇರವಾಗಿ ಮೇಲಕ್ಕೆ ಎತ್ತಿದರೆ ಕಾಯಿಲ್ ಸಮೇತ ಬರುತ್ತದೆ. ಆ ಕ್ಷಣವೇ ಗ್ಯಾಪಿನ ಬಾಯಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಯಸ್ಕಾಂತ ತೆರೆದಿದ್ದರೆ ಮೇಜಿನ ಮೇಲಿನ ಕಬ್ಬಿಣದ ಹುಡಿಯೆಲ್ಲ ಅಲ್ಲಿಗೇ ಹೋಗುತ್ತದೆ. ಅರ ಹಾಕುವ ಕೆಲಸ, ಡ್ರಿಲ್ಲಿಂಗ್ ಏನಿದ್ದರೂ ಬೇರೆ ಕೋಣೆಯಲ್ಲಿ.

ಹಳೆಯ ಕಾಯಿಲನ್ನು ಕೂಡಲೇ ಬಿಸಾಡಬಾರದು, ಸತ್ತ ಕಾರಣ ಅದರ ಮೈಮೇಲೇ ಇರುತ್ತದೆ. ಸುತ್ತಿನ ಉದ್ದಕ್ಕೂ ಒಂದೇ ಸಮ ಕಪ್ಪಾಗಿದ್ದರೆ ಕೊಟ್ಟ ಪವರ್ ಹೆಚ್ಚಾಗಿದೆ. ಒಂದು ತುದಿ ಮಾತ್ರ ಕರಕಲಾಗಿದ್ದರೆ ಆಂಪ್ಲಿಫೈಯರಿನ ಡಿಸಿ ಕಾಯಿಲನ್ನು ಗ್ಯಾಪಿನಿಂದ ಆಚೆ ತಳ್ಳಿ ನಿಲ್ಲಿಸಿದೆ. ಗ್ಯಾಪಿನ ಒಳಗಿನ ಭಾಗದ ಬಿಸಿಯನ್ನು ಕಬ್ಬಿಣ ಹೀರುತ್ತದೆ, ಹೊರಗುಳಿದದ್ದು ಸುಡುತ್ತದೆ. ಫಾರ್ಮರಿನ, ಅಂದರೆ ತಂತಿ ಸುತ್ತಿದ ಕೊಳವೆಯ, ಕೆಳತುದಿ ಜಜ್ಜಿಹೋಗಿದ್ದರೆ ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿದಿದೆ, ಬಾಸ್ ವಿಪರೀತ ಕೊಟ್ಟಿದ್ದಾರೆ ಅಥವಾ ಮೈಕ್ ಕೆಳಗೆ ಬಿದ್ದ ಪೆಟ್ಟು. ಒಂದೇ ಪಕ್ಕದಲ್ಲಿ ತಂತಿ ಹೊಳೆಯುವಷ್ಟು ಸವೆದಿದ್ದರೆ ಕಾಯಿಲ್ ನಡುವಿನಲ್ಲಿರಲಿಲ್ಲ.

ನಮ್ಮದರಲ್ಲಿ ಎರಡು ಗುರುತಿದ್ದವು. ಇಡೀ ಸುತ್ತು ಕಪ್ಪು, ಜತೆಗೆ ಒಂದು ಪಕ್ಕದಲ್ಲಿ ಕಂದು ಗೀರುಗಳು. ಕಂದು ಬಣ್ಣ ತುಕ್ಕಿನದು. ಪರಪರ ಸದ್ದು ಮೊದಲು, ಮೌನ ಆಮೇಲೆ ಎಂಬ ದೂರಿಗೂ ಇದಕ್ಕೂ ತಾಳೆಯಾಗುತ್ತದೆ: ತುಕ್ಕಿನ ಚಕ್ಕೆ ತಂತಿಯ ಎನಾಮೆಲ್ (ಮೇಲಿನ ನಿರೋಧಕ ಪದರ) ಕೆರೆಯಿತು, ಸದ್ದು ಒಡೆಯಿತು, ಒಡೆದ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿತು, ಆಂಪ್ಲಿಫೈಯರ್ ಕ್ಲಿಪ್ ಆಯಿತು.

ಕ್ಲಿಪ್ ಆದರೆ ಸುಡುವುದೇಕೆ ಎಂಬುದಕ್ಕೆ ಲೆಕ್ಕವಿದೆ. ಅಲೆಯ ತಲೆ ಕತ್ತರಿಸಿ ಚೌಕವಾದರೆ, ಅದೇ ಎತ್ತರದ ಸೈನ್ ಅಲೆಯ ಎರಡರಷ್ಟು ಪವರ್ ಅದರಲ್ಲಿರುತ್ತದೆ. 100 ವ್ಯಾಟಿನ ಆಂಪ್ಲಿಫೈಯರ್ ಪೂರ್ತಿ ಕ್ಲಿಪ್ ಆದಾಗ 200 ವ್ಯಾಟಿನ ಹತ್ತಿರ ಕೊಡಬಲ್ಲದು. ಅದರಲ್ಲಿ ಸದ್ದಾಗುವುದೆಷ್ಟು? 97 ಡಿಬಿ ಸೆನ್ಸಿಟಿವಿಟಿಯ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಸಿಗುವ ಸದ್ದು) ಒಳ್ಳೆಯ ಸ್ಪೀಕರಿನಲ್ಲೂ ನೂರಕ್ಕೆ ಮೂರು ಪಾಲು. ಉಳಿದದ್ದೆಲ್ಲ ಕಾಯಿಲಿನಲ್ಲಿ ಬಿಸಿ. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇ. 0.39ರಂತೆ ಏರುತ್ತದೆ. 25 ಡಿಗ್ರಿಯಿಂದ 205ಕ್ಕೆ ಹೋದರೆ 1.7 ಪಟ್ಟು. ಅಂದರೆ ಬಿಸಿಯಾದಷ್ಟೂ ಸ್ಪೀಕರ್ ತೆಗೆದುಕೊಳ್ಳುವ ಪವರ್ ಇಳಿಯುತ್ತದೆ, ಸದ್ದು ಸಣ್ಣದಾಗುತ್ತದೆ, ಸಣ್ಣದಾಯಿತೆಂದು ಮತ್ತೆ ಯಾರೋ ಏರಿಸುತ್ತಾರೆ. ಅಹೋರಾತ್ರಿ ಭಜನೆಯಲ್ಲಿ ಸ್ಪೀಕರ್ ಬೆಳಗಿನ ಜಾವಕ್ಕೆ ಸಾಯುವುದು ಹೀಗೆ.

ಗ್ಯಾಪ್ ಶುಚಿ ಮಾಡುವುದರಲ್ಲಿ ಅವಸರ ಮಾಡಿದರೆ ಮುಂದಿನ ಕೆಲಸವೆಲ್ಲ ದಂಡ. ಮಂಜೇಶ್ವರ, ಕುಂಬಳೆಯ ಕಡಲಬದಿಯಿಂದ ಬರುವ ಸ್ಪೀಕರುಗಳಲ್ಲಿ ಪೋಲಿನ (ನಡುವಿನ ಕಬ್ಬಿಣದ ಕಂಬ) ತುದಿ ಮತ್ತು ಅದರ ಸುತ್ತಲಿರುವ ಮೇಲಿನ ಪ್ಲೇಟಿನ ಒಳಗೋಡೆ ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳನಾಡಿನಿಂದ ಬರುವವಕ್ಕೆ ತುಕ್ಕು ಕಡಿಮೆ, ಬೂಸ್ಟು ಜಾಸ್ತಿ. ತುಕ್ಕಿಗೆ ದಪ್ಪ ಡ್ರಾಯಿಂಗ್ ಹಾಳೆಯ ಪಟ್ಟಿಗೆ ಸೂಕ್ಷ್ಮವಾದ ಎಮರಿ ಹಾಳೆ ಅಂಟಿಸಿ ಗ್ಯಾಪಿಗೆ ಇಳಿಸಿ, ಮೇಲೆ ಕೆಳಗೆ ಎಳೆಯಬೇಕು. ಉದ್ದೇಶ ಸಡಿಲ ಚಕ್ಕೆಗಳನ್ನು ಎಬ್ಬಿಸುವುದು ಮಾತ್ರ, ಕಬ್ಬಿಣವನ್ನು ಸವೆಸುವುದಲ್ಲ. ಎದ್ದ ಹುಡಿಯನ್ನು ಊದಿದರೆ ಹೋಗದು, ಅಯಸ್ಕಾಂತ ಬಿಡುವುದಿಲ್ಲ. ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಮಡಚಿ, ನಡುವೆ ಗಟ್ಟಿ ಕಾಗದ ಕೊಟ್ಟು, ಗ್ಯಾಪಿಗೆ ತುರುಕಿ ಒಂದು ಸುತ್ತು ಎಳೆದು ತೆಗೆಯಬೇಕು. ಟೇಪಿಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಹೊಸ ಹೊಸ ತುಂಡು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಪಟ್ಟಿ. ತುಕ್ಕು ತಡೆಯಲೆಂದು ಎಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ. ಎಣ್ಣೆ ಮೇಲೆ ಧೂಳು ಕೂತು ಗ್ಯಾಪ್ ಇನ್ನೂ ಕೆಡುತ್ತದೆ, ಕಾಯಿಲಿನ ಅಂಟೂ ಹಿಡಿಯುವುದಿಲ್ಲ.

ಗ್ಯಾಪ್ ಸುತ್ತಲೂ ಒಂದೇ ಅಗಲ ಇದೆಯೇ ಎಂದೂ ಈಗಲೇ ನೋಡಿ. ಒಂದು ಕಡೆ ತೀರಾ ಕಿರಿದಾಗಿದ್ದರೆ ಸ್ಪೀಕರ್ ಎತ್ತರದಿಂದ ಬಿದ್ದು ಅಯಸ್ಕಾಂತವೇ ಜರುಗಿದೆ. ಅದನ್ನು ಮನೆಯಲ್ಲಿ ಸರಿಸಲು ಹೋಗಬೇಡಿ. ಪ್ಲೇಟುಗಳು ಬೆರಳನ್ನು ಜಜ್ಜುವಷ್ಟು ಜೋರಾಗಿ ಎಳೆದುಕೊಳ್ಳುತ್ತವೆ. ಅಂಥ ಸ್ಪೀಕರಿನ ಬಾಸ್ಕೆಟ್, ಟರ್ಮಿನಲ್, ಸ್ಕ್ರೂ ತೆಗೆದಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ಒಳ್ಳೆಯದು.

ಅಳತೆ ಇಲ್ಲದೆ ಅಂಗಡಿಗೆ ಹೋಗಬಾರದು. 12 ಇಂಚಿನ ವೂಫರಿನ ಕಾಯಿಲ್ ಎಂದು ಕೇಳಿದರೆ ಅಂಗಡಿಯವರು ಕೊಡುವುದು ಅವರ ಹತ್ತಿರ ಇದ್ದದ್ದನ್ನು. ವರ್ನಿಯರ್ ಕ್ಯಾಲಿಪರಿನಲ್ಲಿ ಪೋಲಿನ ವ್ಯಾಸ, ಮೇಲಿನ ಪ್ಲೇಟಿನ ತೂತಿನ ವ್ಯಾಸ, ಪ್ಲೇಟಿನ ದಪ್ಪ, ಹಳೆಯ ಕಾಯಿಲಿನ ಒಳವ್ಯಾಸ ಹೊರವ್ಯಾಸ, ತಂತಿ ಸುತ್ತಿದ ಎತ್ತರ, ಫಾರ್ಮರಿನ ಒಟ್ಟು ಎತ್ತರ, ಇಷ್ಟನ್ನು ಬರೆದುಕೊಳ್ಳಬೇಕು. ಸ್ಪೈಡರಿಗೆ ಹೊರವ್ಯಾಸ ಮತ್ತು ಎತ್ತರ, ಕೋನಿಗೆ ಅಂಚಿನ ವ್ಯಾಸ, ಕುತ್ತಿಗೆಯ ವ್ಯಾಸ ಮತ್ತು ಆಳ. ಪೋಲ್ 50.2 ಮಿ.ಮೀ., ಕಾಯಿಲಿನ ಒಳವ್ಯಾಸ 50.8 ಆದರೆ ಸುತ್ತಲೂ ಉಳಿಯುವ ಜಾಗ 0.3 ಮಿ.ಮೀ. ಇಡೀ ಕೆಲಸ ನಿಂತಿರುವುದು ಈ ಸಂದಿಯ ಮೇಲೆ. ಫಾರ್ಮರ್ ಕಾಗದದ್ದೋ ಕ್ಯಾಪ್ಟಾನ್‌ನದ್ದೋ (ಬಿಸಿ ತಾಳುವ ಪ್ಲಾಸ್ಟಿಕ್ ಹಾಳೆ) ಗ್ಲಾಸ್ ಫೈಬರಿನದ್ದೋ ಎಂದೂ ನೋಡಿ. ಜಾತ್ರೆಗೆ ಹೋಗುವ ಪೆಟ್ಟಿಗೆಗೆ ಕಾಗದದ್ದು ಬೇಡ. ತಂತಿ, ಬೆಸುಗೆ, ಕ್ಯಾಪಾಸಿಟರ್ ಕಾಸರಗೋಡು ಪೇಟೆಯಲ್ಲೇ ಸಿಗುತ್ತವೆ. ಕೋನ್, ಕಾಯಿಲ್, ಸ್ಪೈಡರ್ ಸೆಟ್ಟಿಗೆ ಮಂಗಳೂರು, ಅಲ್ಲೂ ಅಳತೆ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಕಾಯಿಲನ್ನು ಅಂಗಡಿಯಲ್ಲೇ ಮೀಟರಿಗೆ ಹಿಡಿದು ನೋಡುವುದು ಒಳ್ಳೆಯದು. 8ರ ಬದಲು 4 ಓಮ್‌ನದ್ದು ಕೈಗೆ ಬಂದರೆ ಆಂಪ್ಲಿಫೈಯರ್ ಎರಡರಷ್ಟು ಕರೆಂಟ್ ಕೊಡಬೇಕಾಗುತ್ತದೆ.

ಈಗ ಕಾಯಿಲ್ ಕೂರಿಸುವುದು. ಎರಡು ವಿಷಯ ಒಟ್ಟಿಗೆ ಸರಿಯಾಗಬೇಕು: ಎತ್ತರ ಮತ್ತು ನಡು.

ಎತ್ತರದ ಲೆಕ್ಕ ಸುಲಭ. ಪ್ಲೇಟಿನ ದಪ್ಪ 8 ಮಿ.ಮೀ., ತಂತಿಯ ಸುತ್ತು 14 ಮಿ.ಮೀ. ಆದರೆ ವ್ಯತ್ಯಾಸ 6. ಪ್ಲೇಟಿನ ಮೇಲೆ 3, ಕೆಳಗೆ 3 ಬರುವಂತೆ ನಿಲ್ಲಿಸಬೇಕು. ಸುತ್ತಿನ ಮೇಲಂಚಿನಿಂದ 3 ಮಿ.ಮೀ. ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಗುರುತು ಪ್ಲೇಟಿನ ಮೇಲ್ಮೈಗೆ ಸಮ ಬರುವವರೆಗೆ ಇಳಿಸಿದರೆ ಆಯಿತು. ಎತ್ತರ ತಪ್ಪಿದರೆ ಕಾಯಿಲ್ ಒಂದು ದಿಕ್ಕಿಗೆ ಬೇಗ ಗ್ಯಾಪ್ ಬಿಟ್ಟು ಹೋಗುತ್ತದೆ. ಸಣ್ಣ ಸದ್ದಿಗೆ ಏನೂ ಗೊತ್ತಾಗದು, ಜೋರು ಮಾಡಿದಾಗ ಬಾಸ್ ಒಡೆಯುತ್ತದೆ.

ನಡುವಿಗೆ ತರುವುದಕ್ಕೆ ಶಿಮ್, ಅಂದರೆ ಸಂದಿ ತುಂಬುವ ತೆಳು ಪಟ್ಟಿ, ಬೇಕು. ಹಳೆಯ ಎಕ್ಸ್‌ರೇ ಫಿಲ್ಮಿಗಿಂತ ಒಳ್ಳೆಯ ಶಿಮ್ ಇಲ್ಲ. ದಪ್ಪ ಹೆಚ್ಚುಕಡಿಮೆ 0.2 ಮಿ.ಮೀ., ಹರಿಯುವುದಿಲ್ಲ, ಅಂಟು ತಾಗಿದರೂ ಬಿಟ್ಟು ಬರುತ್ತದೆ. ಪೋಲಿನ ಸುತ್ತಳತೆಗಿಂತ ಒಂದೆರಡು ಮಿ.ಮೀ. ಕಡಿಮೆ ಉದ್ದದ, ನಾಲ್ಕೈದು ಸೆಂ.ಮೀ. ಅಗಲದ ಪಟ್ಟಿಯನ್ನು ಕತ್ತರಿಸಿ ಪೋಲಿಗೆ ಸುತ್ತಿ, ಅದರ ಮೇಲೆ ಕಾಯಿಲ್ ಇಳಿಸಬೇಕು. ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಏರಿದರೆ ಅಲ್ಲೇ ಕಾಯಿಲ್ ವಾಲುತ್ತದೆ. 0.3 ಸಂದಿಗೆ 0.2ರ ಫಿಲ್ಮ್ ಸ್ವಲ್ಪ ಸಡಿಲ. ಓವರ್‌ಹೆಡ್ ಪ್ರೊಜೆಕ್ಟರಿನ ತೆಳು ಹಾಳೆ 0.1 ಮಿ.ಮೀ. ಇರುತ್ತದೆ, ಅದರ ಇನ್ನೊಂದು ಸುತ್ತು ಸೇರಿಸಿದರೆ ಬಿಗಿಯಾಗುತ್ತದೆ. ಬಿಗಿ ಎಂದರೆ ಕಾಯಿಲ್ ತಾನಾಗಿ ಜಾರಬಾರದು, ಎರಡು ಬೆರಳಲ್ಲಿ ಮೆಲ್ಲನೆ ಎಳೆದರೆ ಜಾರಬೇಕು. ತುರುಕಿ ಕೂರಿಸಿದರೆ ಫಾರ್ಮರ್ ದುಂಡಗೆ ಉಳಿಯದೆ, ಶಿಮ್ ತೆಗೆದ ಮೇಲೆ ಉಜ್ಜುತ್ತದೆ. ಕಾಯಿಲಿನ ಎರಡು ತಂತಿಗಳು ಟರ್ಮಿನಲ್ ಇರುವ ದಿಕ್ಕಿಗೇ ತಿರುಗಿರಲಿ.

ಮೊದಲು ಸ್ಪೈಡರ್. ಅಂಟು ಹಾಕದೆ ಒಮ್ಮೆ ಕೂರಿಸಿ ನೋಡಿ. ಅದು ಕಾಯಿಲನ್ನು ಮೇಲಕ್ಕೂ ಕೆಳಕ್ಕೂ ಎಳೆಯದೆ ಸಮತಟ್ಟಾಗಿ ನಿಲ್ಲಬೇಕು, ಎಳೆಯುತ್ತಿದ್ದರೆ ಸ್ಪೈಡರಿನ ಎತ್ತರ ಬೇರೆಯದು. ಹೊರ ಅಂಚಿಗೆ ರಬ್ಬರ್ ಗಮ್, ಒಳಗೆ ಕಾಯಿಲಿಗೆ ಸೇರುವ ಕಡೆ ಎಪಾಕ್ಸಿ. ಅದು ಗಟ್ಟಿಯಾದ ಮೇಲೆ ಕೋನ್: ಕುತ್ತಿಗೆಗೆ ಎಪಾಕ್ಸಿ, ಅಂಚಿಗೆ ರಬ್ಬರ್ ಗಮ್. ಕಾಯಿಲ್, ಸ್ಪೈಡರ್, ಕೋನ್ ಮೂರೂ ಸೇರುವ ಸಂದಿಯ ಸುತ್ತ ಎಪಾಕ್ಸಿಯ ಒಂದು ತೆಳು ಗೆರೆ ಮುರಿಯದೆ ಓಡಬೇಕು. ಬಲವೆಲ್ಲ ಅಲ್ಲಿಂದಲೇ ಕೋನಿಗೆ ಹೋಗುವುದು. ಹಾಗೆಂದು ಮೆತ್ತಿದರೆ ತೂಕ ಹೆಚ್ಚಿ ಸದ್ದು ಮಂಕಾಗುತ್ತದೆ.

ಅಂಟಿನ ವಿಷಯದಲ್ಲಿ ನಮ್ಮ ಊರಿಗೆ ಬೇರೆಯೇ ಕಾನೂನು. ಮರದ ಕೆಲಸದ ಬಿಳಿ ಅಂಟು ನೀರಿನದು, ಒಣಗಿದ ಮೇಲೂ ತೇವಕ್ಕೆ ಮೆತ್ತಗಾಗುತ್ತದೆ. ಮನೆಯೊಳಗಿನ ಪೆಟ್ಟಿಗೆಗೆ ಸಾಕು, ಅಂಗಳದಲ್ಲಿ ಮಂಜಿಗೆ ನಿಲ್ಲುವ ಪೆಟ್ಟಿಗೆಗೆ ಬೇಡ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬಿಸಿಗೆ ಬೇಗ ಮೆತ್ತಗಾಗುತ್ತದೆ, ಕಾಯಿಲಿಗೆ ನಿಧಾನದ್ದೇ ಆಗಬೇಕು. ಎರಡೂ ಟ್ಯೂಬಿನಿಂದ ಸಮ ಸಮ ಹಿಂಡಿ, ಎರಡು ಮೂರು ನಿಮಿಷ ಚೆನ್ನಾಗಿ ಕಲಸಿ. ಕಲಸಿದ್ದು ಸಾಲದಿದ್ದರೆ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಇರುತ್ತದೆ. ಜೂನಿನಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನ ತೆಳು ಪದರ ಕಟ್ಟುವುದುಂಟು, ಗಾಳಿಯ ತೇವದ ಕಾರಣ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಮೇಲೆಯೇ ಮುಂದಿನ ಅಂಟು. 60 ವ್ಯಾಟಿನ ಹಳೆಯ ತಂತಿಬಲ್ಬನ್ನು ಒಂದು ಅಡಿ ಮೇಲೆ ತೂಗುಬಿಟ್ಟರೆ ಬೆಳಗ್ಗೆಗೆ ಕೆಲಸ ಮುಗಿದಿರುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಸ್ಪೀಕರ್ ಇಟ್ಟು ಅಂಟು ಒಣಗಿಸುವ ಉಪಾಯ ಬೇಡ. ಅಲ್ಲಿನ ಬಿಸಿಗೆ ಕೋನಿನ ಕಾಗದ ಸೊಟ್ಟಗಾಗುತ್ತದೆ, ಅಂಟಿನ ವಾಸನೆ ಅಡಿಕೆಗೂ ಹಿಡಿಯುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಗಟ್ಟಿ, ಆದರೆ ಪೆಡಸು. ನಡುಗುವ ಜಾಗದಲ್ಲಿ ಬಿರಿಯುತ್ತದೆ. ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರದ ಹತ್ತಿರ ಅದನ್ನು ತರಲೇಬಾರದು.

ತಂತಿ ಬೆಸೆಯಲು 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಕಾಯಿಲಿನ ತಂತಿಗೆ ಎನಾಮೆಲ್ ಇರುತ್ತದೆ, ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಕೆರೆದು ತಾಮ್ರ ಕಂಡ ಮೇಲೆ ಸೀಸ ಹತ್ತಿಸಿ. ಕೆರೆದರೆ ಬೆಳ್ಳಗೆ ಕಂಡು ಸೀಸ ಉರುಳಿ ಬೀಳುತ್ತಿದ್ದರೆ ಅದು ಅಲ್ಯೂಮಿನಿಯಂ, ಸಾಮಾನ್ಯ ಬೆಸುಗೆ ಹಿಡಿಯದು. ಹೆಣೆದ ತಂತಿಗೆ ಸೀಸ ಹೆಚ್ಚು ಕೊಟ್ಟರೆ ನೂಲಿನ ಗುಂಟ ಒಳಗೆ ಏರಿ ಗಟ್ಟಿಯಾಗುತ್ತದೆ, ಆ ಗಟ್ಟಿಯ ತುದಿಯಲ್ಲೇ ಮುಂದೆ ತುಂಡಾಗುತ್ತದೆ. ಉದ್ದ ಎಷ್ಟಿರಬೇಕೆಂದರೆ ಕೋನ್ ಪೂರ್ತಿ ಮುಂದೆ ಬಂದಾಗ ಬಿಗಿಯಬಾರದು, ಪೂರ್ತಿ ಹಿಂದೆ ಹೋದಾಗ ಕೋನಿಗೆ ಬಡಿಯಬಾರದು.

ಅಂಟು ಪೂರ್ತಿ ಗಟ್ಟಿಯಾದ ಮೇಲೆ ಶಿಮ್ಮನ್ನು ನೇರವಾಗಿ ಮೇಲಕ್ಕೆ ಎಳೆದು ತೆಗೆಯಬೇಕು. ಡಸ್ಟ್ ಕ್ಯಾಪ್ ಈಗಲೇ ಮುಚ್ಚಬೇಡಿ. ಸೆಲ್ಲಿನ ಧನ ತುದಿಯನ್ನು ಕೆಂಪು ಗುರುತಿನ ಟರ್ಮಿನಲ್‌ಗೆ ತಾಗಿಸಿದಾಗ ಕೋನ್ ಹೊರಗೆ ಬರುತ್ತದೆಯೇ ನೋಡಿ, ಒಳಗೆ ಹೋದರೆ ತಂತಿ ಅದಲುಬದಲು ಮಾಡಿ. ಆಮೇಲೆ ಮೊಬೈಲಿನ ಟೋನ್ ಜನರೇಟರಿನಿಂದ 25 ಹರ್ಟ್ಜ್, ಆಂಪ್ಲಿಫೈಯರಿನಲ್ಲಿ ಮೂರು ನಾಲ್ಕು ವೋಲ್ಟ್ ಬರುವಷ್ಟು ಮಾತ್ರ. ಈ ಟೋನಿನಲ್ಲಿ ಕೋನ್ ಅಲುಗುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಬಹುಪಾಲು ಏನೂ ಕೇಳಿಸದು. ಹಾಗಾಗಿ ಏನಾದರೂ ಸರಸರ, ಟಿಕ್ ಟಿಕ್ ಕೇಳಿಸಿದರೆ ಅದು ದೋಷದ್ದೇ. ಸರಸರ ಎಂದರೆ ಉಜ್ಜುವುದು. ಟಿಕ್ ಎಂದರೆ ತಂತಿ ಬಡಿಯುವುದು ಅಥವಾ ಅಂಟು ಬಿಟ್ಟ ಸ್ಪೈಡರಿನ ಅಂಚು. 20ರಿಂದ 200ರವರೆಗೆ ನಿಧಾನ ಏರಿಸುತ್ತಾ ಹೋದರೆ 50ರ ಆಚೀಚೆ ಕೋನಿನ ಸಹಜ ಕಂಪನ ಸಿಗುತ್ತದೆ. ಹಾಡು ಹಾಕಿ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ, ಹಾಡು ಸಣ್ಣ ದೋಷವನ್ನೆಲ್ಲ ಮುಚ್ಚುತ್ತದೆ. ಎಲ್ಲ ಸರಿಯಿದ್ದರೆ ಡಸ್ಟ್ ಕ್ಯಾಪ್, ಅಂಚಿನಲ್ಲಿ ರಬ್ಬರ್ ಗಮ್ಮಿನ ಒಂದೇ ತೆಳು ಉಂಗುರ.

ಮನೆಯ ಪೆಟ್ಟಿಗೆಗಳ ರೋಗ ಹೆಚ್ಚಾಗಿ ಬೇರೆ. ಅವಕ್ಕೆ ಕೋನಿನ ಅಂಚಿನಲ್ಲಿ ಪಾಲಿಯುರೆಥೇನ್ ಫೋಮ್ ಇರುತ್ತದೆ, ಗಾಳಿಯ ತೇವ ಅದನ್ನು ಒಳಗಿಂದಲೇ ಕರಗಿಸುತ್ತದೆ. ಹತ್ತು ಹದಿನೈದು ವರ್ಷವಾದ ಮೇಲೆ ಬೆರಳು ಮುಟ್ಟಿದರೆ ನೆನೆದ ಹಪ್ಪಳದಂತೆ ಕೈಗೆ ಮೆತ್ತಿಕೊಂಡು ಬರುತ್ತದೆ. ಕಾಯಿಲ್ ಚೆನ್ನಾಗಿಯೇ ಇರುತ್ತದೆ. ಹರಿದ ಫೋಮಿಗೆ ಅಂಟು ಬಳಿದು ನಡೆಸುವವರಿದ್ದಾರೆ. ಬಳಿದ ಕಡೆ ಗಟ್ಟಿ, ಉಳಿದ ಕಡೆ ಮೆತ್ತಗೆ ಆಗಿ ಕೋನ್ ವಾಲುತ್ತದೆ, ಉಳಿದಿದ್ದ ಕಾಯಿಲೂ ಉಜ್ಜಿ ಸಾಯುತ್ತದೆ. ಪೂರ್ತಿ ತೆಗೆದು ಹೊಸ ಫೋಮ್ ಹಾಕಬೇಕು. ಕೊಳ್ಳಲು ಬೇಕಾದ್ದು ನಾಲ್ಕು ಅಳತೆ: ಹೊರಗಿನ ಅಂಚಿನ ವ್ಯಾಸ, ಉಬ್ಬಿನ ಹೊರವ್ಯಾಸ, ಉಬ್ಬಿನ ಒಳವ್ಯಾಸ, ಕೋನಿಗೆ ಅಂಟುವ ಒಳ ಅಂಚಿನ ವ್ಯಾಸ. ಹಳೆಯ ಫೋಮ್ ಕೋನಿನ ಮೇಲಿನಿಂದ ಅಂಟಿತ್ತೋ ಹಿಂದಿನಿಂದಲೋ ಎಂಬುದನ್ನೂ ನೋಡಿಕೊಳ್ಳಿ.

ಹಳೆಯ ಅಂಟನ್ನು ಐಸೋಪ್ರೊಪೈಲಿನಲ್ಲಿ ನೆನೆಸಿ ಕೆರೆದು ತೆಗೆಯಬೇಕು. ಥಿನ್ನರ್ ಬೇಡ, ಒಂದು ಹನಿ ಕೋನಿನ ಗುಂಟ ಇಳಿದು ಕಾಯಿಲಿನ ಅಂಟನ್ನು ಕರಗಿಸಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಹೊಸ ಫೋಮನ್ನು ಮೊದಲು ಕೋನಿಗೆ ಮಾತ್ರ ಅಂಟಿಸಿ ರಾತ್ರಿ ಬಿಡಿ. ಇಲ್ಲಿ ಬಿಳಿ ಅಂಟೇ ಒಳ್ಳೆಯದು, ಸರಿಸಿ ಕೂರಿಸಲು ಹತ್ತು ನಿಮಿಷ ಸಿಗುತ್ತದೆ. ರಬ್ಬರ್ ಗಮ್ ತಾಗಿದಲ್ಲೇ ಹಿಡಿಯುತ್ತದೆ. ಮರುದಿನ ಹೊರಗಿನ ಅಂಚನ್ನು ಬಾಸ್ಕೆಟ್ಟಿಗೆ ಅಂಟಿಸುವಾಗ ಡಸ್ಟ್ ಕ್ಯಾಪ್ ಕೊಯ್ದು ಶಿಮ್ ಇಡುವುದು ಖಾತರಿಯ ದಾರಿ. ಕ್ಯಾಪ್ ಕೊಯ್ಯಲು ಮನಸ್ಸಿಲ್ಲದಿದ್ದರೆ ಅಂಟು ಹಸಿಯಿರುವಾಗಲೇ ಸಣ್ಣದಾಗಿ 30 ಹರ್ಟ್ಜ್ ಕೊಟ್ಟು, ಸರಸರ ನಿಲ್ಲುವ ಕಡೆಗೆ ಅಂಚನ್ನು ಕೂದಲೆಳೆಯಷ್ಟು ಸರಿಸಿ, ಬಟ್ಟೆಕ್ಲಿಪ್ಪಿನಲ್ಲಿ ಹಿಡಿಸಬಹುದು. ಎರಡು ಪೆಟ್ಟಿಗೆಯಲ್ಲಿ ಒಂದರ ಫೋಮ್ ಹೋಗಿದ್ದರೆ ಇನ್ನೊಂದರದ್ದೂ ಒಟ್ಟಿಗೆ ಬದಲಿಸಿ, ಅದರ ವಯಸ್ಸೂ ಅಷ್ಟೇ.

ಕೋನಿನ ಕಾಗದ ಇಲಿ ಕಡಿದೋ ಸ್ಕ್ರೂಡ್ರೈವರ್ ಜಾರಿಯೋ ಹರಿದಿದ್ದರೆ ಟಿಶ್ಯೂ ಕಾಗದ, ಸಮ ನೀರು ಬೆರೆಸಿದ ಬಿಳಿ ಅಂಟು, ಎರಡೂ ಬದಿಗೆ ಒಂದೊಂದು ಪದರ. ಸೆಲ್ಲೋ ಟೇಪ್ ಅಂಟಿಸಿದರೆ ಅದೇ ಗುಂಯ್ ಎನ್ನುತ್ತದೆ.

ಟ್ವೀಟರ್ ಮೌನವಾಗಿದ್ದರೆ ಕಾಯಿಲಿಗೆ ಮೊದಲು ಅದರ ಸರಣಿಯಲ್ಲಿರುವ ಕ್ಯಾಪಾಸಿಟರ್ ನೋಡಿ. 8 ಓಮ್ ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 4200 ಹರ್ಟ್ಜಿನ ಕೆಳಗಿನದನ್ನು ಇಳಿಸುತ್ತದೆ, 3.3 ಆದರೆ 6000. ಒಣಗಿ ಮೈಕ್ರೋಫ್ಯಾರಡ್ ಇಳಿದ ಕ್ಯಾಪಾಸಿಟರ್ ಟ್ವೀಟರನ್ನು ಮಂಕು ಮಾಡುತ್ತದೆ. ಶಾರ್ಟ್ ಆದದ್ದು, ಅಥವಾ ಅದನ್ನು ಕಿತ್ತು ನೇರ ತಂತಿ ಜೋಡಿಸಿದ್ದು, ಟ್ವೀಟರನ್ನು ಕೊಲ್ಲುತ್ತದೆ. ಧನ ಋಣ ಭೇದವಿಲ್ಲದ (ನಾನ್‌ಪೋಲಾರ್) ಕ್ಯಾಪಾಸಿಟರ್ ಸಿಗದಿದ್ದರೆ 10 ಮೈಕ್ರೋಫ್ಯಾರಡಿನ ಎರಡು ಸಾಮಾನ್ಯ ಎಲೆಕ್ಟ್ರೋಲಿಟಿಕ್‌ಗಳ ಋಣ ತುದಿಗಳನ್ನು ಸೇರಿಸಿ ಬೆಸೆದರೆ 5 ಆಗುತ್ತದೆ, ತಾತ್ಕಾಲಿಕಕ್ಕೆ ಸಾಕು. ಪಾಲಿಪ್ರೊಪೈಲಿನ್ ಹಾಕಿದರೆ ಒಣಗುವ ತಾಪತ್ರಯವೇ ಇಲ್ಲ.

ಕಹಳೆಯ ಯೂನಿಟ್ ಬಿಚ್ಚಿದರೆ ಒಳಗೆ ಡಯಾಫ್ರಾಮ್ ಕಾಯಿಲ್ ಸಮೇತ ಒಂದೇ ತುಂಡಾಗಿ ಸಿಗುತ್ತದೆ. ಹೊಸದನ್ನು ಇಟ್ಟು ಸ್ಕ್ರೂಗಳನ್ನು ಅರ್ಧ ಬಿಗಿದು, ಸಣ್ಣ ಸದ್ದಿನಲ್ಲಿ 500 ಹರ್ಟ್ಜ್ ಕೊಟ್ಟು, ಅಂಚನ್ನು ಮೆಲ್ಲಗೆ ತಟ್ಟುತ್ತಾ ಸ್ವರ ಶುದ್ಧವಾದಲ್ಲಿ ಎದುರುಬದುರು ಸ್ಕ್ರೂ ಕ್ರಮದಲ್ಲಿ ಪೂರ್ತಿ ಬಿಗಿಯಬೇಕು. ಜತೆಗೆ 100 ವೋಲ್ಟ್ ಲೈನಿನ (ಉದ್ದ ತಂತಿಯಲ್ಲಿ ಹಲವು ಕಹಳೆಗಳಿಗೆ ಕೊಡುವ ವ್ಯವಸ್ಥೆ) ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಟ್ಯಾಪ್ (ವ್ಯಾಟ್ ಆರಿಸುವ ತುದಿ) ಪರೀಕ್ಷಿಸಿ: 20 ವ್ಯಾಟಿನ ಟ್ಯಾಪ್ ಅಂದರೆ 500 ಓಮ್. ಆ ಲೈನಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದ 16 ಓಮ್ ಯೂನಿಟನ್ನು ನೇರ ಕೊಟ್ಟರೆ ಯೂನಿಟ್ ಸುಡುತ್ತದೆ, ಆಂಪ್ಲಿಫೈಯರೂ ಉಳಿಯಲಿಕ್ಕಿಲ್ಲ. ಯೂನಿಟ್ ಸರಿಯಿದ್ದೂ ಸದ್ದು ಮುಚ್ಚಿದಂತಿದ್ದರೆ ಕಹಳೆಯ ಕುತ್ತಿಗೆಗೆ ಟಾರ್ಚ್ ಹಾಕಿ ನೋಡಿ, ಕುಂಬಾರ ಹುಳದ ಮಣ್ಣಿನ ಗೂಡು ಇರುತ್ತದೆ.

ವೂಫರನ್ನು ಪೆಟ್ಟಿಗೆಗೆ ವಾಪಸು ಹಾಕುವಾಗ ಹಳೆಯ ಗ್ಯಾಸ್ಕೆಟ್ ಚಪ್ಪಟೆಯಾಗಿದ್ದರೆ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಕೊಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಒಂದೇ ಬದಿಯಿಂದ ಬಿಗಿಯುತ್ತಾ ಬಂದರೆ ತೆಳು ತಗಡಿನ ಬಾಸ್ಕೆಟ್ ತಿರುಚಿ, ಅಷ್ಟು ಕಷ್ಟಪಟ್ಟು ನಡುವಿಗೆ ತಂದ ಕಾಯಿಲ್ ಮತ್ತೆ ಉಜ್ಜುತ್ತದೆ. ಬಿಗಿದ ಮೇಲೆ 25 ಹರ್ಟ್ಜ್ ಇನ್ನೊಮ್ಮೆ ಕೊಟ್ಟು ಕೇಳಬೇಕು. ಮಂದಿರದ ಎರಡೂ ಪೆಟ್ಟಿಗೆ ಒಟ್ಟಿಗೆ ಜೋಡಿಸಿದ ಮೇಲೆ ಬಾಸ್ ಕಾಣೆಯಾದರೆ ಒಂದರ ತಂತಿ ಹಿಂದುಮುಂದಾಗಿದೆ, ಬದಲಿಸಿದರೆ ಸರಿ. ಮಳೆಗಾಲದಲ್ಲಿ ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಅಡಿ ಬಿಟ್ಟು ಮರದ ತುಂಡಿನ ಮೇಲಿಡಿ, ಪ್ಲಾಸ್ಟಿಕ್ ಹೊದಿಸಬೇಡಿ, ಒಳಗಿನ ತೇವ ಹೊರಗೆ ಹೋಗದು. ಸೊಳ್ಳೆಪರದೆಯ ಬಟ್ಟೆ ಸಾಕು. ವಾರಕ್ಕೊಮ್ಮೆ ಅರ್ಧ ಗಂಟೆ ಸಣ್ಣದಾಗಿ ಏನಾದರೂ ಹಾಡಿಸಿದರೆ ಕಾಯಿಲಿನ ಬಿಸಿ ಗ್ಯಾಪ್ ಒಣಗಲು ಸ್ವಲ್ಪ ನೆರವಾಗಬಹುದು.